ತಂತಿ ಕಿತ್ತೆಸೆದ ಶಂಕ್ರವ್ವ

ಮೈಕು ಸರಿಯಾಗಿದೆಯೇ ಎಂದು ನೋಡಲು ಜಗತ್ತೆಲ್ಲ 'ಹಲೋ ಹಲೋ, ಮೈಕ್ ಟೆಸ್ಟಿಂಗ್' ಎನ್ನುತ್ತದೆ. ಇಳಕಲ್ಲಿನ ಶಂಕ್ರವ್ವ ಗಂಡನನ್ನು ಬೈಯುತ್ತಿದ್ದಳು.

ಅದೂ ಮನೆಯಲ್ಲಿ ಬೈಯುವಂತೆ ಅವಸರ ಅವಸರವಾಗಿ ಅಲ್ಲ. ಮದುವೆ ಮಂಟಪದ ವೇದಿಕೆಯ ನಟ್ಟನಡುವೆ ನಿಂತು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಮೈಕನ್ನು ತುಟಿಯ ಹತ್ತಿರ ಹಿಡಿದು, ಸಾವಕಾಶ ಶುರು ಮಾಡುವಳು. "ಏ ಈರಪ್ಪಾ, ಎಲ್ಲಿ ಅದಿಯೋ? ಸಾಮಾನ ಇಳಸು ಅಂದ್ರ ಚಾದಂಗಡ್ಯಾಗ ಹೋಗಿ ಕುಂತಿ. ಸುಮ್ನ ಕುಂತಿದ್ರರ ಇರಲಿ, ಮತ್ತೊಂದ ಭಜಿ ಪ್ಲೇಟ್ ಹೇಳಿ ಕುಂತಿ." ಗಂಡನ ಹೆಸರು ಹೇಳಬೇಕಾದರೆ ಒಡಪು ಕಟ್ಟಿ, ಸೆರಗು ಕಚ್ಚಿ, ನಾಚಿ ನಾಚಿ ಹೇಳುವ ಹೆಂಗಸರ ಸೀಮೆ ನಮ್ಮದು. ಅಲ್ಲಿ ಈ ಹೆಸರು ಎರಡು ಸ್ಪೀಕರ್ ಪೆಟ್ಟಿಗೆಗಳಿಂದ ಹೊರಟು ಎದುರಿನ ಗೋಡೆಗೆ ಬಡಿದು ವಾಪಸು ಬರುತ್ತಿತ್ತು. ಮಂಟಪದ ಆ ತುದಿಯಲ್ಲಿ ಈರಪ್ಪ ಮಾಮಾ ನಿಂತಿರುತ್ತಿದ್ದ. ಬಲಗೈ ಎತ್ತಿದರೆ ಧ್ವನಿ ಚೊಕ್ಕಾಗಿದೆ ಎಂದು ಅರ್ಥ. ಎಡಗೈ ಎತ್ತಿದರೆ ಕಿರ್ ಅನ್ನುತ್ತಿದೆ ಎಂದು. ಎರಡೂ ಕೈ ಎತ್ತಿ ಜೋಡಿಸಿದರೆ, ಇನ್ನು ಸಾಕು ಎಂದು.

ಯಾಕೆ ಹೀಗೆ ಎಂದು ನಾನು ಕೇಳಿದ್ದೆ. ಆಕೆಗೆ ಇದರ ಹಿಂದೆ ದೊಡ್ಡ ಶಾಸ್ತ್ರವೇ ಇತ್ತು. "ಹಲೋ ಅಂದ್ರ ಏನ ತಿಳೀತೈತಿಲೇ ಮಂಗ್ಯಾ? ಎರಡ ಅಕ್ಷರ. ಬೈಗುಳ ನೋಡು, ಸಣ್ಣ ಧ್ವನಿ ಬರ್ತೈತಿ, ದೊಡ್ಡ ಧ್ವನಿ ಬರ್ತೈತಿ, ಉಗುಳೂ ಬರ್ತೈತಿ. ಮೈಕ ಅಂದಮ್ಯಾಗ ಎಲ್ಲಾ ತಡಕೋಬೇಕು."

ಮಂಗ್ಯಾ ಎಂದರೆ ನಾನೇ. ಮನೆಯಲ್ಲಿ ಇಟ್ಟ ಹೆಸರು ಬಸವರಾಜ, ಆದರೆ ಅದು ಆಧಾರ್ ಕಾರ್ಡಿನಲ್ಲಿ ಬಿಟ್ಟರೆ ಬೇರೆಲ್ಲೂ ಬಳಕೆಯಲ್ಲಿಲ್ಲ. ಮಂದಿಯ ಧ್ವನಿ ತೆಗೆಯುವುದು, ಅಂದರೆ ಅವರಂತೆಯೇ ಮಾತಾಡಿ ತೋರಿಸುವುದು, ನನ್ನ ಕಸುಬು. ಸಾಲಿಯಲ್ಲಿ ಗುರುಗಳ ಧ್ವನಿ ತೆಗೆದು ಏಟು ತಿನ್ನುತ್ತಿದ್ದೆ, ಈಗ ಮದುವೆ ಮನೆಗಳಲ್ಲಿ ಬೀಗರ ಧ್ವನಿ ತೆಗೆದು ಊಟ ತಿನ್ನುತ್ತೇನೆ. ಪ್ರಗತಿ ಎಂದರೆ ಇದೇ ಇರಬೇಕು. ಶಂಕ್ರವ್ವ ನಮ್ಮ ಓಣಿಯವಳು. ನಾನು ಆಕೆಯನ್ನು ಅತ್ತಿ ಎನ್ನುತ್ತಿದ್ದೆ. ಆಕೆಗೆ ಹೆಣ್ಣುಮಕ್ಕಳಿಲ್ಲ, ಹಾಗಾಗಿ ಹಾಗೆ ಕರೆಯುವುದರಲ್ಲಿ ನನಗೆ ಯಾವ ಲಾಭವೂ ಇರಲಿಲ್ಲ ಎಂಬುದನ್ನು ಓದುಗರು ಗಮನಿಸಬೇಕು.

ಆಕೆಯ ಧ್ವನಿ ತೆಗೆಯುವುದು ಬಲು ಸುಲಭ. ಒಂದು ಹಿಡಿ ಶೇಂಗಾ ಬಾಯಲ್ಲಿ ಹಾಕಿಕೊಂಡು, ಮೂಗಿನಿಂದ ಸಿಟ್ಟು ಮಾಡಿದರಾಯಿತು. ಒಂದು ದಿನ ಸುಮ್ಮನೆ ಇರಲಾರದೆ ಅದೇ ಧ್ವನಿಯಲ್ಲಿ ಈರಪ್ಪ ಮಾಮಾನಿಗೆ ಫೋನು ಮಾಡಿ, "ಎದ್ದು ನೀರ ತುಂಬು" ಎಂದೆ. ಶಂಕ್ರವ್ವ ಅವನ ಮಗ್ಗುಲಲ್ಲೇ ಕೂತು ಕಾಳು ಆರಿಸುತ್ತಿದ್ದಳಂತೆ. ಆದರೂ ಅವನು ಎದ್ದು ತುಂಬಿದ. ಮದುವೆಯಾಗಿ ಇಷ್ಟು ವರ್ಷವಾದ ಮೇಲೆ ಹೆಂಡತಿಯ ಧ್ವನಿ ಎಲ್ಲಿಂದ ಬಂತು ಎಂದು ಯಾರು ನೋಡುತ್ತಾರೆ?

ಶಂಕ್ರವ್ವನದು ನೇಕಾರರ ಮನೆತನ. ತಾಯಿ, ಅಜ್ಜಿ ಎಲ್ಲರೂ ಕೈಮಗ್ಗದ ಮೇಲೆ ಇಳಕಲ್ ಸೀರೆ ನೇಯ್ದವರು. ಆಕೆಯೂ ನೇಯ್ದಳು, ಪಾವರ್‌ಲೂಮು ಓಣಿಗೆ ಬಂದು ಖಡಖಡ ಎನ್ನುವವರೆಗೆ. ಮಗ್ಗ ಬಿಚ್ಚಿ ಅಟ್ಟಕ್ಕೆ ಏರಿಸಿದ ದಿನ ಆಕೆ ಅಳಲಿಲ್ಲವಂತೆ. "ಒಂದ ಸಲ ಮಶೀನ ನನ್ನ ಹಿಂದ ಹಾಕೇತಿ. ಇನ್ನೊಂದ ಸಲ ಹಾಕಾಕ ಬಿಡಂಗಿಲ್ಲ. ಈ ಸಲ ನಾನ ಮುಂದ ಹೋಗಿ ಕುಂದರತೇನಿ" ಎಂದಳಂತೆ. ಈ ಮಾತನ್ನು ಆಕೆ ನನಗೆ ಎಷ್ಟು ಸಲ ಹೇಳಿದ್ದಾಳೆಂದರೆ, ನಾನು ನಿದ್ದೆಗಣ್ಣಿನಲ್ಲೂ ಅದನ್ನು ಆಕೆಯ ಧ್ವನಿಯಲ್ಲೇ ಹೇಳಬಲ್ಲೆ.

ಈರಪ್ಪ ಮಾಮಾನ ಹತ್ತಿರ ಆಗ ಹಳೆಯ ಕಾಲದ ಮೈಕ್ ಸೆಟ್ ಇತ್ತು. ಕಹಳೆಯಂಥ ಸ್ಪೀಕರು, ಸುರುಳಿ ಸುರುಳಿ ಕೇಬಲ್ಲು. ಶಂಕ್ರವ್ವ ಅದನ್ನು ಕೈಗೆ ತೆಗೆದುಕೊಂಡಳು. ಅದಾಗಿ ಸ್ವಲ್ಪ ದಿನಕ್ಕೆ ಬಾಗಲಕೋಟೆಯ ಯಾವುದೋ ಕಾಲೇಜಿನ ಕಾರ್ಯಕ್ರಮಕ್ಕೆ ಹೋದಾಗ, ಹಾಡುವ ಹುಡುಗಿ ಮೈಕು ಹಿಡಿದು ವೇದಿಕೆ ಇಳಿದು ಮಂದಿಯ ನಡುವೆ ಬಂದಳು. ಮೈಕಿಗೆ ತಂತಿ ಇಲ್ಲ. ನಮ್ಮ ಅತ್ತಿ ಎದ್ದು ಆ ಹುಡುಗಿಯ ಬೆನ್ನ ಹಿಂದೆ ಹಿಂದೆಯೇ ಹೋಗಿ ಬಗ್ಗಿ ನೋಡಿದಳು. ಹಾಡು ಮುಗಿದದ್ದೇ ತಡ, "ಇದರ ಬಾಲ ಎಲ್ಲೈತಿ ಯವ್ವಾ?" ಎಂದು ಕೇಳಿದಳು. ಬಾಲ ಇಲ್ಲವೆಂದು ಖಾತ್ರಿಯಾದ ಮೇಲೆ ಆಕೆಗೆ ಊಟ ಸೇರಲಿಲ್ಲ. ಹುಬ್ಬಳ್ಳಿಗೆ ಹೋಗಿ ವೈರ್‌ಲೆಸ್ ಮೈಕುಗಳನ್ನು ತಂದೇ ತಂದಳು. ಕೈಯಲ್ಲಿ ಹಿಡಿಯುವವು, ಕಾಲರಿಗೆ ಸಿಕ್ಕಿಸುವವು, ಸೊಂಟಕ್ಕೆ ಕಟ್ಟುವ ಡಬ್ಬಿಗಳು. ಡಬ್ಬಿಗಳಿಗೆ ಖಣದ ತುಣುಕಿನಿಂದ ಚೀಲ ಹೊಲಿದಳು. ನಮ್ಮ ಕಡೆಯ ಭಾಷಣಕಾರರೆಲ್ಲ ಸೊಂಟದಲ್ಲಿ ಒಂದೊಂದು ಕುಪ್ಪಸದ ತುಂಡು ಕಟ್ಟಿಕೊಂಡು ದೇಶದ ಭವಿಷ್ಯದ ಬಗ್ಗೆ ಮಾತಾಡಿದರು.

ಇಷ್ಟಕ್ಕೇ ನಿಂತಿದ್ದರೆ ಸರಿ ಇತ್ತು. ಆದರೆ ಶಂಕ್ರವ್ವನ ಹಿಗ್ಗು ಅಳತೆಯದ್ದಲ್ಲ. ಇನ್ನು ಮೇಲೆ ತಾನು ತಂತಿ ಮುಟ್ಟುವುದಿಲ್ಲ ಎಂದು ಓಣಿಗೆಲ್ಲ ಸಾರಿ, ಇದ್ದಬದ್ದ ಕೇಬಲ್ಲನ್ನೆಲ್ಲ ಮನೆ ಮನೆಗೆ ಹಂಚಿಬಿಟ್ಟಳು. ಅರಿವೆ ಒಣಹಾಕಲಿಕ್ಕೆ. ಒಳಗೆ ತಾಮ್ರ, ಮೇಲೆ ರಬ್ಬರು, ಎಳೆದರೂ ಹರಿಯದ ಮಾಲು. ಅಷ್ಟು ಭಾರಿ ಕೇಬಲ್ಲಿನ ಮೇಲೆ ಒಳಚಡ್ಡಿ ಒಣಗಿಸಿದ ಓಣಿ ಕರ್ನಾಟಕದಲ್ಲಿ ನಮ್ಮದೊಂದೇ ಇರಬೇಕು.

ಆಕೆಯ ವೈಭವದ ದಿನಗಳಲ್ಲಿ ಹುನಗುಂದದಲ್ಲಿ ಒಂದು ಮದುವೆ. ನಮ್ಮ ಕಡೆ ಮದುವೆಯಲ್ಲಿ ಆಯೇರಿ ಮಾಡುತ್ತಾರೆ. ಬಂಧುಬಳಗದವರು ಸೀರೆ, ಧೋತರ, ರುಮಾಲು ತಂದು ಉಡುಗೊರೆ ಕೊಡುವುದು. ಯಾರು ಏನು ತಂದರು ಎಂಬುದನ್ನು ಮೈಕಿನಲ್ಲಿ ಕೂಗದಿದ್ದರೆ ತಂದದ್ದು ತಂದ ಲೆಕ್ಕಕ್ಕೆ ಬರುವುದಿಲ್ಲ. ಅವತ್ತು ಕೂಗುವವನು ನಾನು. ಸುಮ್ಮನೆ ಕೂಗಿದರೆ ನನ್ನನ್ನು ಯಾರು ಕರೆಯುತ್ತಾರೆ? ಕೊಟ್ಟವರ ಧ್ವನಿಯಲ್ಲೇ ಅವರವರ ಹೆಸರು ಕೂಗುತ್ತಿದ್ದೆ. ಮಂದಿ ಬಿದ್ದು ಬಿದ್ದು ನಗುತ್ತಿದ್ದರು.

ಅದಕ್ಕೂ ಮೊದಲು ಹೆಣ್ಣಿನ ಸೋದರಮಾವ ವೇದಿಕೆಯ ಮೇಲೆ ಆಶೀರ್ವಾದದ ನಾಲ್ಕು ಮಾತಾಡಿದ್ದ. ಮಾತು ಮುಗಿಸಿ, ಕಾಲರಿನ ಮೈಕನ್ನೂ ಸೊಂಟದ ಡಬ್ಬಿಯನ್ನೂ ಮರೆತು ಊಟದ ಪಂಕ್ತಿಗೆ ಹೋಗಿ ಕೂತಿದ್ದ. ನಾನು ಆಯೇರಿ ಕೂಗುವುದನ್ನು ನಿಲ್ಲಿಸಿ ಒಂದು ಅಡಿಕೆ ಹೋಳು ಬಾಯಿಗೆ ಹಾಕಿಕೊಂಡಾಗ, ಸ್ಪೀಕರಿನಿಂದ ಅವನ ಧ್ವನಿ ಬಂತು. "ಇದೇನ ಇಳಕಲ್ ಸೀರಿ? ಸೆರಗ ನೋಡು, ನೇದದ್ದಲ್ಲ, ಛಾಪಿಸಿದ್ದು. ಬೀಗರು ನಮ್ಮನ್ನ ಏನ ತಿಳದಾರ?"

ಮಂದಿ ಚಪ್ಪಾಳೆ ತಟ್ಟಿತು. ನಾನೇ ಧ್ವನಿ ತೆಗೆಯುತ್ತಿದ್ದೇನೆ ಎಂದು ಎಲ್ಲರಿಗೂ ಖಾತ್ರಿ. ಎಷ್ಟು ಹುಬೇಹೂಬು ತೆಗೆಯುತ್ತಾನೆ, ತುಟಿ ಸಹ ಅಲುಗುವುದಿಲ್ಲ ಎಂದು ಮುಂದಿನ ಸಾಲಿನ ಮುದುಕನೊಬ್ಬ ಬೆರಗಾದ. ಕಲಾವಿದನಾದವನು ಬಂದ ಚಪ್ಪಾಳೆಯನ್ನು ತಿರುಗಿ ಕಳಿಸಬಾರದು. ನಾನು ಎದ್ದು ಕೈಮುಗಿದೆ. ಸ್ಪೀಕರು ಮುಂದುವರಿಯಿತು, "ಏ ತಮ್ಮಾ, ಸ್ವಲ್ಪ ಸಾರ ಹಾಕು." ಮಂದಿ ಇನ್ನೂ ಜೋರಾಗಿ ನಕ್ಕಿತು. ಗಂಡಿನ ಅಪ್ಪ ಮಾತ್ರ ನಗಲಿಲ್ಲ. ತೋಳು ಮಡಚುತ್ತ ವೇದಿಕೆಯ ಕಡೆಗೆ, ಅಂದರೆ ನನ್ನ ಕಡೆಗೆ, ಬರತೊಡಗಿದ.

ನಾನು ಶಂಕ್ರವ್ವನನ್ನು ನೋಡಿದೆ. ಆಕೆಯ ಕೈ ಗುಂಡಿಯ ಮೇಲಿತ್ತು. ಈಗ ಇಳಿಸುತ್ತಾಳೆ, ನಾನು ಉಳಿದೆ ಎಂದುಕೊಂಡೆ. ಆಕೆ ಏರಿಸಿದಳು.

ಆಮೇಲೆ ತಾನೇ ಎದ್ದು ಬಂದು, ಗಂಡಿನ ಅಪ್ಪನನ್ನು ನಡುದಾರಿಯಲ್ಲಿ ತಡೆದು, ಅವನು ಆಯೇರಿಗೆ ತಂದಿದ್ದ ಆ ಸೀರೆಯನ್ನು ಎರಡು ಬೆರಳಿನ ನಡುವೆ ತಿಕ್ಕಿ ನೋಡಿ, ಮೈಕಿನಲ್ಲೇ ತೀರ್ಪು ಕೊಟ್ಟಳು. ಛಾಪಿಸಿದ್ದೇ ಹೌದು. ಆ ಮನುಷ್ಯ ಪಾಪ ಕೈಮಗ್ಗದ್ದೆಂದೇ ನಂಬಿ ಕೊಂಡು ತಂದಿದ್ದ. ಈಗ ಅವನ ಸಿಟ್ಟು ನನ್ನನ್ನು ಬಿಟ್ಟು ಅಂಗಡಿಯವನ ಕಡೆ ತಿರುಗಿತು. ಊಟ ಬಿಟ್ಟು ಓಡಿಬಂದ ಸೋದರಮಾವನೂ, ಸಾರಿನ ಕೈಯಲ್ಲೇ, ಅವನ ಜೊತೆ ಸೇರಿಕೊಂಡ. ಇಬ್ಬರೂ ಹೆಗಲ ಮೇಲೆ ಕೈ ಹಾಕಿಕೊಂಡು ಇಲ್ಲದ ಅಂಗಡಿಯವನನ್ನು ಮನಸಾರೆ ಬೈದರು. ಬೀಗತನ ಅಷ್ಟು ಗಟ್ಟಿಯಾದದ್ದನ್ನು ನಾನು ಮತ್ತೆಲ್ಲೂ ನೋಡಿಲ್ಲ. ನನ್ನನ್ನು ಯಾಕೆ ಸಿಕ್ಕಿಸಿದೆ ಎಂದು ಆಮೇಲೆ ಕೇಳಿದ್ದಕ್ಕೆ ಶಂಕ್ರವ್ವ, "ಖರೆ ಮಾತು ಬರೂಮುಂದ ಧ್ವನಿ ಇಳಸಬಾರದು" ಎಂದಳು. ಡಬ್ಬಿಯನ್ನು ಖಣದ ಚೀಲಕ್ಕೆ ಹಾಕುತ್ತ, "ಅದೂ ಸೀರಿ ವಿಷಯ" ಎಂದು ಸೇರಿಸಿದಳು.

ಹೀಗಿದ್ದ ಮೈಕುಗಳು ಒಂದು ಬೇಸಿಗೆಯಿಂದ ಕೆಮ್ಮತೊಡಗಿದವು. ಮಾತಿನ ನಡುವೆ ಕಿರ್ ಎನ್ನುವುದು, ಒಮ್ಮೆಲೇ ಸತ್ತಂತಾಗುವುದು, ಮತ್ತೆ ಎದ್ದು ಕೂಡುವುದು. ಶಂಕ್ರವ್ವ ಮೊದಲು ಸೆಲ್ಲಿನ ಮೇಲೆ ತಪ್ಪು ಹಾಕಿದಳು. ಆಮೇಲೆ ಈರಪ್ಪ ಮಾಮಾನ ಮೇಲೆ. ಆಮೇಲೆ ನನ್ನ ಉಗುಳಿನ ಮೇಲೆ. ಕೊನೆಗೆ ದೃಷ್ಟಿಯಾಗಿದೆ ಎಂದು ಆಂಟೆನಾಕ್ಕೆ ಲಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದಳು. ಲಿಂಬೆಹಣ್ಣು ಒಣಗಿತು, ಕೆಮ್ಮು ಹೋಗಲಿಲ್ಲ.

ಹುಬ್ಬಳ್ಳಿಯ ರಿಪೇರಿಯವನು ಬಿಚ್ಚಿ ನೋಡಿ ಮೈಕಿನಲ್ಲಿ ಏನೂ ದೋಷವಿಲ್ಲ ಎಂದ. ಇವು ಗಾಳಿಯಲ್ಲಿ ಓಡಾಡುತ್ತಿದ್ದ ದಾರಿಯನ್ನು ಈಗ ಸರಕಾರದವರು ಫೋನಿನವರಿಗೆ ಕೊಟ್ಟಿದ್ದಾರೆ. ಅಲ್ಲಿ ಟವರು ಎದ್ದ ಮೇಲೆ ಇವುಗಳ ಮಾತು ನಡೆಯುವುದಿಲ್ಲ. ಕಂಪನಿ ಈ ಮಾದರಿಯನ್ನೇ ನಿಲ್ಲಿಸಿದೆ. ಈಗಿನವು ಡಿಜಿಟಲ್, ಗುಂಡಿ ಒತ್ತಿದರೆ ತಾವೇ ಖಾಲಿ ದಾರಿ ಹುಡುಕಿಕೊಳ್ಳುತ್ತವೆ, ಅವನ್ನು ತಗೊಳ್ಳಿರಿ ಎಂದ. ಶಂಕ್ರವ್ವ ಬಸ್ಸಿನಲ್ಲಿ ಇಳಕಲ್ ಬರುವವರೆಗೂ ಒಂದೇ ಮಾತು ಹಿಡಿದಿದ್ದಳು. "ಗಾಳಿ ಕೊಟ್ಟಾರಂತ. ಯಾರಪ್ಪನ ಗಾಳಿ?" ಪಕ್ಕದಲ್ಲಿ ಕೂತವನು ತನಗೇ ಕೇಳುತ್ತಿದ್ದಾಳೆಂದು ಕಿಟಕಿ ಮುಚ್ಚಿದ.

ಆಕೆ ನಂಬಲಿಲ್ಲ. ಅದೇ ಮೈಕುಗಳನ್ನು ಹೇರಿಕೊಂಡು ಗುಡೂರಿಗೆ ಹೋದಳು.

ಗುಡೂರಿನಲ್ಲಿ ಬೀರಪ್ಪನ ಭಕ್ತರು ಡೊಳ್ಳಿನ ಪದದ ಮೇಳ ಇಡುತ್ತಾರೆ. ಎರಡು ತಂಡ. ಒಂದು ತಂಡ ಹಾಡಿನಲ್ಲಿ ಪ್ರಶ್ನೆ ಹಾಕಬೇಕು, ಇನ್ನೊಂದು ಹಾಡಿನಲ್ಲೇ ಉತ್ತರ ಕೊಡಬೇಕು. ಸುತ್ತಲಿನ ಹಳ್ಳಿಗಳವರೆಲ್ಲ ಕೇಳಲು ಬರುತ್ತಾರೆ, ಮತ್ತು ಗುಡೂರಿನವರು ಯಾರ ಮೈಕು ಕರೆಸುತ್ತಾರೋ ಅವರನ್ನೇ ಆ ವರ್ಷ ಎಲ್ಲರೂ ಕರೆಸುತ್ತಾರೆ. ಮೊದಲ ವೈರ್‌ಲೆಸ್ ಬಂದಾಗಿನಿಂದ ಅಲ್ಲಿ ಶಂಕ್ರವ್ವನದೇ ಮೈಕು. ಗುಡೂರು ಕೈಬಿಟ್ಟಿತೆಂದರೆ ಆಕೆಯ ಸಾಮಾನೂ ಮಗ್ಗದ ಹಿಂದೆ ಅಟ್ಟ ಏರಿದಂತೆಯೇ.

ಮೇಳ ಮಧ್ಯಾಹ್ನಕ್ಕೆ. ನಡುವೆ ನಗಿಸಲಿಕ್ಕೆಂದು ನನ್ನನ್ನೂ ಕರೆದಿದ್ದರು. ಬೆಳಿಗ್ಗೆ ಮೈಕು ಹಚ್ಚಿ ನೋಡಿದರೆ, ಒಂದು ತಂಡದ ಪ್ರಶ್ನೆ ಮುಗಿಲು ಮುಟ್ಟುವಂತೆ ಕೇಳಿಸಿತು, ಇನ್ನೊಂದು ತಂಡದ ಉತ್ತರಕ್ಕೆ ಬರೀ ಕಿರ್ರ್. ಮೈಕು ಬದಲಿಸಿದರೆ ಉತ್ತರ ಕೇಳಿಸಿತು, ಪ್ರಶ್ನೆ ಮಾಯ. ಸಾಲಿಯ ಹಿಂದೆ ಹೊಸ ಟವರು ಕೆಂಪು ಬಿಳಿ ಬಣ್ಣ ಬಳಿದುಕೊಂಡು ನಿಂತಿತ್ತು. ಉತ್ತರ ಕೇಳಿಸದ ತಂಡದವರು, ತಮ್ಮನ್ನು ಸೋಲಿಸಲಿಕ್ಕೇ ಹೀಗೆ ಮಾಡಿದ್ದಾರೆ ಎಂದು ಡೊಳ್ಳು ಹೆಗಲಿಗೇರಿಸಿ ಹೊರಡಲು ನಿಂತರು.

ಮೇಳದ ಹಿರಿಯ ಮಾಳಪ್ಪ ಅವರನ್ನು ಸಮಾಧಾನ ಮಾಡಿ ಕೂರಿಸಿ, ಶಂಕ್ರವ್ವನ ಹತ್ತಿರ ಬಂದ. ದನಿ ಏರಿಸಲಿಲ್ಲ. "ತಂಗಿ, ಊಟದ ಹೊತ್ತಿನ ತನಕಾ ನೋಡ್ತೇನಿ. ಆಗಲಿಲ್ಲಂದ್ರ ನವನಗರದ ಮೈಕಿನ ಹುಡುಗ್ರನ್ನ ಕರಸ್ತೇನಿ. ಆಮ್ಯಾಗ ಮುಂದಿನ ವರ್ಷಾನೂ ಅವರ ಬರ್ತಾರ, ಮನಸಿನ್ಯಾಗ ಇಟಗೋಬ್ಯಾಡ" ಎಂದ.

ಶಂಕ್ರವ್ವ ಸ್ಪೀಕರ್ ಪೆಟ್ಟಿಗೆಯ ಮೇಲೆ ಕೂತಳು. ಸುಮ್ಮನೆ ಕೂತಳು. ಆಕೆ ಸುಮ್ಮನಿದ್ದದ್ದನ್ನು ನಾನು ನೋಡಿದ್ದು ಅದೇ ಮೊದಲು, ನನಗೆ ಹೆದರಿಕೆಯೇ ಆಯಿತು. ಏನು ಮಾಡಬೇಕೆಂಬುದು ಆಕೆಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ತಂತಿ ಹಚ್ಚಿದರೆ ಯಾವ ಟವರಿನ ಹಂಗೂ ಇಲ್ಲ. ಆದರೆ ತಂತಿ ಮುಟ್ಟುವುದಿಲ್ಲ ಎಂದು ಓಣಿಗೆಲ್ಲ ಸಾರಿದವಳು ಆಕೆ. ಒಂದು ಸಲ ಹಿಂದೆ ಬಿದ್ದವಳು ಮತ್ತೆ ತಾನಾಗಿಯೇ ಹಿಂದಕ್ಕೆ ಹೋಗಬೇಕು. ಫೋನು ಆಕೆಯ ತೊಡೆಯ ಮೇಲೆಯೇ ಇತ್ತು. ಆಕೆ ಮುಟ್ಟಲಿಲ್ಲ.

ನಾನು ನನ್ನ ಫೋನಿನಿಂದ, ಅವತ್ತು ಇಳಕಲ್ಲಿನಲ್ಲೇ ಉಳಿದಿದ್ದ ಈರಪ್ಪ ಮಾಮಾನಿಗೆ ಹಚ್ಚಿದೆ. ಶೇಂಗಾ ಇರಲಿಲ್ಲ, ಹಾಗೇ ಮೂಗಿನಿಂದ ಸಿಟ್ಟು ಮಾಡಿದೆ. "ಏ ಈರಪ್ಪಾ, ಓಣ್ಯಾಗಿನ ಕೇಬಲ್ ಎಲ್ಲಾ ಬಿಚ್ಚು. ಅರಿವಿ ಇದ್ರ ಇರಲಿ, ಹಳೇ ಮೈಕಿನ ಜೋಡಿ ಹಂಗ ತಗೊಂಡ ಬಾ. ಗುಡೂರಿಗೆ. ಈಗ."

ಆ ಕಡೆಯಿಂದ "ಹೂಂ" ಎಂದಷ್ಟೇ ಬಂತು. ಈ ಕಡೆ, ಪೆಟ್ಟಿಗೆಯ ಮೇಲಿನಿಂದ, ಶಂಕ್ರವ್ವ ನನ್ನನ್ನೇ ನೋಡುತ್ತಿದ್ದಳು. ತನ್ನದೇ ಧ್ವನಿ ಬೇರೆಯವರ ಬಾಯಿಂದ ತಾನು ಹೇಳಲಾರದ್ದನ್ನು ಹೇಳಿದರೆ ಮನುಷ್ಯರು ಹೇಗೆ ನೋಡುತ್ತಾರೋ ಹಾಗೆ. ಬೈಯುತ್ತಾಳೆಂದು ಕಾದೆ. ಬೈಯಲಿಲ್ಲ.

ಈರಪ್ಪ ಮಾಮಾ ಮೂರು ಗಾಲಿಯ ಟಂಟಂ ಗಾಡಿಯಲ್ಲಿ ಬಂದಿಳಿದ. ಹೇಳಿದ್ದನ್ನು ಹೇಳಿದಂತೆಯೇ ಮಾಡಿದ್ದ. ಕೇಬಲ್ಲಿನ ತುಂಬ ಅರಿವೆಗೆ ಸಿಕ್ಕಿಸುವ ಚಿಮಟಿಗೆಗಳು, ಒಂದು ಬನಿಯನ್ನು, ಯಾವುದೋ ಕೂಸಿನ ಕುಲಾಯಿ. ಗಾಡಿಯ ಹಿಂದೆ ಓಣಿಯ ಮೂವರು ಹೆಂಗಸರು ಹಸಿ ಸೀರೆಗಳನ್ನು ಹೆಗಲ ಮೇಲೆ ಹೊತ್ತುಕೊಂಡು ಕೂತಿದ್ದರು. ಜಗಳ ಮಾಡಲೆಂದೇ ಹತ್ತಿದವರು, ಮೇಳ ಇದೆ ಎಂದು ಗೊತ್ತಾದ ಮೇಲೆ ಸೀರೆಗಳನ್ನು ಪೆಂಡಾಲಿನ ಗಳಗಳ ಮೇಲೆ ಒಣಹಾಕಿ ಮುಂದಿನ ಸಾಲು ಹಿಡಿದರು.

ಬಿಸಿಲು, ಮಳೆ, ಸಾಬೂನಿನ ನೀರು ಕುಡಿದ ಕೇಬಲ್ಲುಗಳಲ್ಲಿ ಜೀವ ಇದ್ದದ್ದು ಒಂದೇ ಒಂದಕ್ಕೆ. ಹೀಗಾಗಿ ಎರಡು ತಂಡಕ್ಕೂ ಒಂದೇ ಮೈಕು. ಪ್ರಶ್ನೆ ಹಾಕುವವನೂ ಉತ್ತರ ಕೊಡುವವನೂ ಮೂಗಿಗೆ ಮೂಗು ಹಚ್ಚಿ ನಿಲ್ಲಬೇಕಾಯಿತು. ಒಬ್ಬ ಹಾಡಿದ್ದು ಇನ್ನೊಬ್ಬನ ಮುಖದ ಮೇಲೆ ಮಳೆಯಾಯಿತು. ದೂರ ದೂರ ನಿಂತಾಗ ಸಭ್ಯವಾಗಿರುತ್ತಿದ್ದ ಪ್ರಶ್ನೆಗಳು ಹತ್ತಿರ ಬಂದಂತೆ ಖಾರವಾದವು. ಮೈಕಿನ ಕೋಲನ್ನು ಇವನು ಜಗ್ಗಿದರೆ ಅವನು ಜಗ್ಗುವುದು, ಅದರ ಬುಡದಲ್ಲಿ ಶಂಕ್ರವ್ವ ಕುಕ್ಕರಗಾಲಲ್ಲಿ ಕೂತು ಎರಡೂ ಕೈಯಿಂದ ತಂತಿಯನ್ನು ಹಿಡಿದುಕೊಂಡು, ಅತ್ತ ಇತ್ತ ಸಡಿಲ ಬಿಡುವುದು. ಹಿಂದೆಂದೂ ಮೇಳ ಇಷ್ಟು ರಂಗೇರಿರಲಿಲ್ಲ ಎಂದು ಮಾಳಪ್ಪನೇ ಹೇಳಿದ. ನನ್ನ ಧ್ವನಿ ತೆಗೆಯುವ ಕಾರ್ಯಕ್ರಮ ಯಾರಿಗೂ ಬೇಕಾಗಲಿಲ್ಲ. ಅದು ನನಗೆ ಆದ ಅವಮಾನ, ಇರಲಿ.

ಸಾಮಾನು ಹೇರುವಾಗ ಶಂಕ್ರವ್ವ ನನ್ನ ಹತ್ತಿರ ಬಂದಳು. "ನನ್ನ ಧ್ವನಿಲೆ ನಾ ಅನ್ನದ ಮಾತ ಅಂದಿಯಲ್ಲಲೇ" ಎಂದಳು. ಸಿಟ್ಟಿರಲಿಲ್ಲ, ನಗುವೂ ಇರಲಿಲ್ಲ. ಕುಲಾಯಿಯನ್ನು ಕೊಡವಿ, ಮಡಚಿ, ಗಾಡಿ ಹತ್ತಿದಳು.

ಮುಂದಿನ ವರ್ಷ ಗುಡೂರಿನವರು ನವನಗರದ ಹುಡುಗರನ್ನೇ ಕರೆಸಿದರು. ಅವರದೇನೂ ತಪ್ಪಿಲ್ಲ, ಒಂದೇ ತಂತಿಯನ್ನು ನೆಚ್ಚಿ ಪ್ರತಿ ವರ್ಷ ಮೇಳ ಮಾಡಲಾಗುವುದಿಲ್ಲ. ಆ ಹುಡುಗರಾದರೆ ಕರಿ ಟೀ ಶರ್ಟು, ಕೈಯಲ್ಲಿ ಟ್ಯಾಬು, ಮಂದಿಯ ನಡುವೆ ಅಡ್ಡಾಡುತ್ತಲೇ ಧ್ವನಿ ಏರಿಸಿ ಇಳಿಸುತ್ತಾರೆ. ಮೈಕಿನಲ್ಲಿ ಎಷ್ಟು ಸೆಲ್ಲು ಉಳಿದಿದೆ ಎಂಬುದು ಅಲ್ಲೇ ಕಾಣುತ್ತದೆ. ಯಾರನ್ನೂ ಬೈಯುವುದಿಲ್ಲ, ಯಾರ ಜೊತೆಗೂ ಮಾತಾಡುವುದೂ ಇಲ್ಲ. ನಾನು ಅವರ ಜೊತೆಗೂ ಕಾರ್ಯಕ್ರಮ ಕೊಟ್ಟೆ. ನನ್ನ ನಿಷ್ಠೆ ಊಟದ ಪಂಕ್ತಿ ಎಲ್ಲಿದೆಯೋ ಅಲ್ಲಿ. ಶಂಕ್ರವ್ವನ ಮನೆಗೆ ಮಾತ್ರ ಬೀಗ ಬಿದ್ದಿತ್ತು. ಗಂಡ ಹೆಂಡತಿ ಬಾದಾಮಿ ಕಡೆ ಹೋದರಂತೆ ಎಂದು ಓಣಿಯವರು ಹೇಳಿದರು.

ಕಳೆದ ಚಳಿಗಾಲದಲ್ಲಿ ಬಾದಾಮಿಗೆ ಹೋದಾಗ, ಗುಹೆಗಳ ಕೆಳಗೆ ಒಂದು ವಿಚಿತ್ರ ನೋಡಿದೆ. ಪ್ರವಾಸಿಗರ ಗುಂಪೊಂದು ಗೈಡಿನ ಹಿಂದೆ ಮೆಟ್ಟಿಲು ಹತ್ತುತ್ತಿತ್ತು. ಗೈಡು ಒದರುತ್ತಿರಲಿಲ್ಲ. ಕಾಲರಿನ ಮೈಕಿಗೆ ಗುಟ್ಟು ಹೇಳಿದಂತೆ ಮಾತಾಡುತ್ತಿದ್ದ. ಮಂದಿ ಒಂದೊಂದು ಕಿವಿಗೆ ಒಂದೊಂದು ಯಂತ್ರ ಸಿಕ್ಕಿಸಿಕೊಂಡು, ಎಲ್ಲೋ ದೂರದಲ್ಲಿದ್ದರೂ ತಲೆ ಆಡಿಸುತ್ತಿದ್ದರು. ಗೋಡೆಯ ಮೇಲೊಂದು ಮಂಗ ಯಾರದೋ ಯಂತ್ರವನ್ನು ಕಸಿದುಕೊಂಡು, ಚಾಲುಕ್ಯರ ಇತಿಹಾಸ ರುಚಿ ಇಲ್ಲವೆಂದು ಕಡಿದು ನೋಡುತ್ತಿತ್ತು. ಅದರ ಕೆಳಗೆ ಬಾಳೆಹಣ್ಣು ತೋರಿಸುತ್ತ ನಿಂತವಳು ಶಂಕ್ರವ್ವ.

"ಬಾರಲೇ, ನಿಮ್ಮ ಅಣ್ಣಗ ನೀನರ ಹೇಳು" ಎಂದಳು.

ಹಳೆಯ ಮೈಕುಗಳನ್ನೆಲ್ಲ ಕೊಟ್ಟುಬಿಟ್ಟು ಈ ಕಿವಿಯ ಯಂತ್ರಗಳನ್ನು ತಂದಿದ್ದಳು. ಗೈಡುಗಳಿಗೆ ಬಾಡಿಗೆಗೆ ಕೊಡುತ್ತಾಳೆ. ಗುಹೆಗಳ ಹತ್ತಿರ ಒದರುವುದು ಈಗ ಯಾರಿಗೂ ಬೇಡವಾಗಿದೆ, ಒಂದು ಗುಂಪಿನ ಮಾತು ಇನ್ನೊಂದು ಗುಂಪಿಗೆ ಅಡ್ಡ ಬರಬಾರದು ಎಂದು ವಿವರಿಸಿದಳು. ಇವುಗಳ ದಾರಿ ಬೇರೆಯಂತೆ, ಫೋನಿನವರದಲ್ಲವಂತೆ. ಇಲ್ಲೂ ಆಕೆಯೇ ಮೊದಲಿಗಳು ಎಂಬುದನ್ನು ಎರಡು ಸಲ ಹೇಳಿದಳು. ಸಂಕ್ರಾಂತಿ ಮುಗಿದ ಮೇಲೆ ಹಂಪಿಗೆ ಹೋಗುವವರಿದ್ದರು. ಹೋದರು ಕೂಡ, ಅದಾದ ಮೇಲೆ ನಾವು ಭೆಟ್ಟಿಯಾಗಿಲ್ಲ.

ಹೊರಡುವಾಗ ನನ್ನ ಕಿವಿಗೆ ಒಂದು ಯಂತ್ರ ಸಿಕ್ಕಿಸಿ, ತಾನೊಂದು ಕಾಲರಿನ ಮೈಕು ಕೈಗೆ ತೆಗೆದುಕೊಂಡಳು. ಎಷ್ಟು ದೂರದವರೆಗೆ ಕೇಳಿಸುತ್ತದೆ ನೋಡಬೇಕಿದೆ, ಕೆಳಗೆ ಗಾಡಿ ನಿಲ್ಲುವಲ್ಲಿ ಮಾಮಾ ಇದ್ದಾನೆ, ಅವನ ಕೈಗೆ ಕೊಟ್ಟು ಹೋಗು ಎಂದಳು. ನಾನು ಮೆಟ್ಟಿಲು ಇಳಿಯತೊಡಗಿದೆ. ಸ್ವಲ್ಪ ಹೊತ್ತು ಬರೀ ಉಸಿರು. ಆಮೇಲೆ ಧ್ವನಿ ಬಂತು. ಆಕೆಯ ಧ್ವನಿ ಅಷ್ಟು ಸಣ್ಣಗೆ ನಾನು ಎಂದೂ ಕೇಳಿರಲಿಲ್ಲ.

"ಗುಡೂರಾಗ ಅವತ್ತ ನೀ ಅಂದಿಯಲ್ಲಾ, ಅದನ್ನ ನಾನ ಅನ್ನಬೇಕಿತ್ತು. ಬಾಯಿಗೆ ಬರಲಿಲ್ಲ ನೋಡು. ಮತ್ತ ಅವತ್ತ ಆ ತಂತಿ ಹಿಡದ ಕುಂತಾಗ, ಮಗ್ಗದ ಮುಂದ ಕುಂತಂಗ ಆತು. ಅದನ್ನ ಯಾರ ಮುಂದ ಹೇಳ್ಲಿ? ನೀ ಅಂದದ್ದ ಛಲೋ ಆತು."

ನಾನು ತಿರುಗಿ ನೋಡಿದೆ. ಆಕೆ ಮೇಲೆ ಬಂಡೆಯ ನೆರಳಲ್ಲಿ ಸಣ್ಣಗೆ ಕಾಣುತ್ತಿದ್ದಳು, ಬೇರೆ ಯಾವುದೋ ಕಡೆ ಮುಖ ಮಾಡಿದ್ದಳು. ನಾಲಿಗೆಯ ತುದಿಗೆ ಒಂದು ಚೇಷ್ಟೆ ಬಂದಿತ್ತು. ಆದರೆ ಆ ಯಂತ್ರದಲ್ಲಿ ಕೇಳುವುದಷ್ಟೇ ಸಾಧ್ಯ, ಉತ್ತರ ಕೊಡುವ ದಾರಿಯೇ ಇಲ್ಲ. ನಾನು ಬಾಯಿ ಮುಚ್ಚಿಕೊಂಡು ಇಳಿದೆ. ನಡು ನಡುವೆ ಹರಿದ ಹಾಗೆ ಮಾತು ಬರುತ್ತಿತ್ತು. ಗಂಟಲು ಜಾಗ್ರತೆ, ಅಡಿಕೆ ಕಡಿಮೆ ಮಾಡು, ಹಿಂದೆ ನೋಡಿಕೊಂಡು ನಡೆಯಬೇಡ ಬೀಳುತ್ತಿ. ನಾನು ಖರೆಯೇ ಒಂದು ಮೆಟ್ಟಿಲು ತಪ್ಪಿದೆ. ಕಟ್ಟಕಡೆಯ ತಿರುವಿನಲ್ಲಿ ಸುಯ್ ಎಂದಿತು, ಆಮೇಲೆ ಏನೂ ಇಲ್ಲ.

ಈರಪ್ಪ ಮಾಮಾ ನನ್ನ ಕಿವಿಯಿಂದ ಯಂತ್ರ ತೆಗೆದು, ಅರಳೆಗೆ ಸ್ಪಿರಿಟ್ ಹಚ್ಚಿ ಒರೆಸುತ್ತ, ಎಲ್ಲಿಯವರೆಗೆ ಕೇಳಿಸಿತು ಎಂದು ಕೇಳಿದ.

"ಇಲ್ಲೀತನಕಾ ಬಂತ್ರಿ ಮಾಮಾ" ಎಂದೆ.